ನಾಮನಿರ್ದೇಶನದ ಕುರ್ಚಿ ಮತ್ತು ಲೆಕ್ಕದ ಪುಸ್ತಕ

ಪೋಸ್ಟ್ ಸ್ವಲ್ಪ ಉದ್ದ ಇದೆ. ಬಿಡುವು ಮಾಡ್ಕೊಂಡು ಪೂರ್ತಿ ಓದಿ, ಆಮೇಲೆ ಬೈಯೋದಿದ್ರೆ ಬೈಯಿರಿ.

ಸರ್ಕಾರ ಬದಲಾದಾಗಲೆಲ್ಲ ನಮ್ಮ ಕೊಡಗಿನ ಸಂಘಟನೆಗಳ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಮಾತು. ನಿಗಮ ಮಂಡಳಿಗೆ ನಮ್ಮವರು ಯಾರು? ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗೆ ನಾಮನಿರ್ದೇಶನ ಯಾರಿಗೆ? ಬಯೋಡೇಟಾ ಹಿಡ್ಕೊಂಡು ಬೆಂಗಳೂರಿಗೆ ಓಡಾಟ. ಕೊನೆಗೆ ಒಬ್ಬರ ಹೆಸರು ಬರುತ್ತೆ. ಶಾಲು, ಹಾರ, ಫ್ಲೆಕ್ಸ್ ಆಗುತ್ತೆ. 'ದಲಿತರಿಗೆ ಪ್ರಾತಿನಿಧ್ಯ ಕೊಟ್ಟಿದ್ದೇವೆ' ಅಂತ ಪಕ್ಷದವರು ಭಾಷಣ ಮಾಡ್ತಾರೆ. ಎರಡು ವರ್ಷ ಬಿಟ್ಟು ಅದೇ ಊರಿನ ಕಾಲೋನಿಗೆ ಹೋಗಿ ನೋಡಿ. ಮಳೆಗಾಲಕ್ಕೆ ಮನೆಯೊಳಗೆ ನುಗ್ಗುವ ಚರಂಡಿ ಹಾಗೇ ಇರುತ್ತೆ, ಹಕ್ಕುಪತ್ರ ಇಲ್ಲದ ಮನೆಗಳೂ ಹಾಗೇ ಇರುತ್ತವೆ.

ಹಾಗಂತ ಕುರ್ಚಿ ಬೇಡ ಅಂತ ನಾನು ಹೇಳ್ತಿಲ್ಲ. ಕುರ್ಚಿಯ ಜೊತೆಗೆ ಏನು ಕೊಡ್ತಾರೆ, ಏನು ಕೊಡಲ್ಲ ಅನ್ನೋದನ್ನು ಇತಿಹಾಸದಿಂದ ನೋಡೋಣ ಅಂತಿದ್ದೀನಿ.

ನಮ್ಮ ನೆಲದಿಂದಲೇ ಶುರು ಮಾಡ್ತೀನಿ. ಕೊಡಗಿನ ರಾಜರ ಕಾಲದಲ್ಲಿ ನಮ್ಮ ಹಿರಿಯರು ಲೆಕ್ಕದಲ್ಲಿ ಇರಲಿಲ್ಲ ಅಂದ್ಕೋಬೇಡಿ. ಚೆನ್ನಾಗಿಯೇ ಇದ್ದರು, ಆಸ್ತಿಯಾಗಿ. ಬ್ರಿಟಿಷರ ಕಾಲದ ಗ್ಯಾಸೆಟಿಯರ್‌ಗಳನ್ನು ತೆಗೆದು ನೋಡಿ. ಹೊಲೆಯರಲ್ಲಿ 'ಭೂಮಿ ಜಮ್ಮ'ದವರು, 'ಒಕ್ಕಲು ಜಮ್ಮ'ದವರು ಅಂತ ಎರಡು ಬಗೆ ಮಾಡಿ ಬರೆದಿದ್ದಾರೆ. ಮೊದಲನೆಯವರು ಗದ್ದೆಗೆ ಅಂಟಿಕೊಂಡವರು, ಗದ್ದೆ ಕೈ ಬದಲಾದರೆ ಅವರೂ ಗದ್ದೆಯ ಜೊತೆ ಹೋಗಬೇಕು. ಎರಡನೆಯವರು ಯಜಮಾನನ ಖಾಸಗಿ ಸೊತ್ತು. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿದರು. 1843ರ ಕಾಯ್ದೆ ಬಂದು ಕಾಗದದ ಮೇಲೆ ಗುಲಾಮಗಿರಿ ಹೋಯಿತು. ಜಮ್ಮಾ ಹಿಡುವಳಿ ಮಾತ್ರ ಉಳಿಯಿತು, ಭೂಮಿ ಉಳ್ಳವರ ಕೈಲೇ ಉಳಿಯಿತು. 1854ರಿಂದ ಐರೋಪ್ಯರ ಕಾಫಿ ತೋಟಗಳು ಬಂದವು. ಮೈಸೂರು ಸೀಮೆ, ಹಾಸನ, ದಕ್ಷಿಣ ಕನ್ನಡದ ಕಡೆಯಿಂದ ಕೂಲಿಗೆ ಬಂದ ನಮ್ಮಂಥವರ ಕುಟುಂಬಗಳು ಲೈನ್ ಮನೆ ಸೇರಿದವು. ತೋಟದ ಮಸ್ಟರ್ ರೋಲ್‌ನಲ್ಲಿ ನಮ್ಮ ಹೆಸರಿತ್ತು, ಮತದಾರರ ಪಟ್ಟಿಯಲ್ಲಿ ಇರಲಿಲ್ಲ.

1924ರಲ್ಲಿ ಕೊಡಗಿಗೆ ಒಂದು ಶಾಸನ ಪರಿಷತ್ತು ಬಂತು. ಒಟ್ಟು 20 ಜನ. 15 ಮಂದಿ ಚುನಾಯಿತರು, 5 ಮಂದಿ ಸರ್ಕಾರ ನೇಮಿಸಿದವರು. ಮೇಲೆ ಚೀಫ್ ಕಮಿಷನರ್. ಆ ಕಾಲಕ್ಕೆ ಬೆಂಗಳೂರಲ್ಲಿ ಕೂತ ಮೈಸೂರಿನ ರೆಸಿಡೆಂಟರೇ ಕೊಡಗಿಗೂ ಚೀಫ್ ಕಮಿಷನರ್. ಮತದಾರರನ್ನೇ ಜಮ್ಮಾದವರು, ಜಮ್ಮಾ ಅಲ್ಲದವರು, ಯುರೋಪಿಯನ್ನರು ಅಂತ ವಿಂಗಡಿಸಿದ್ದರು. ಮತ ಬೇಕಾದರೆ ಭೂಮಿ ಇರಬೇಕು, ಕಂದಾಯ ಕಟ್ಟಿರಬೇಕು. ಕಟ್ಟೋಕೆ ಭೂಮಿ ಎಲ್ಲಿತ್ತು ನಮಗೆ? ಆಗ ಉಳಿದಿದ್ದ ಬಾಗಿಲು ಒಂದೇ, ನಾಮನಿರ್ದೇಶನ. ಅದರ ಬೀಗದ ಕೈ ದೊರೆಯ ಜೇಬಲ್ಲಿ.

ದೇಶದ ಉಳಿದ ಕಡೆಯೂ ಹೀಗೇ ಇತ್ತು. ಮದ್ರಾಸಿನಲ್ಲಿ ಎಂ.ಸಿ. ರಾಜಾ ಅವರು ನಾಮನಿರ್ದೇಶನದಿಂದಲೇ ಪರಿಷತ್ತಿಗೆ ಬಂದರು. ಬಾಬಾಸಾಹೇಬರೂ ಮುಂಬಯಿ ಪರಿಷತ್ತಿಗೆ ಕಾಲಿಟ್ಟಿದ್ದು ನಾಮನಿರ್ದೇಶಿತ ಸದಸ್ಯರಾಗಿಯೇ. ಅಲ್ಲಿ ಅವರ ಮೊದಲ ಭಾಷಣ ಯಾವುದರ ಮೇಲೆ ಗೊತ್ತಾ? ದೇವಸ್ಥಾನದ ಮೇಲೂ ಅಲ್ಲ, ಬಾವಿಯ ಮೇಲೂ ಅಲ್ಲ. 1927ರ ಫೆಬ್ರವರಿ 24ರಂದು ಅವರು ಮಾತಾಡಿದ್ದು ಬಜೆಟ್ ಮೇಲೆ. ತೆರಿಗೆಯ ಭಾರ ಬಡ ರೈತನ ಮೇಲೆ ಎಷ್ಟು, ಉಳ್ಳವರ ಮೇಲೆ ಎಷ್ಟು ಅಂತ ಲೆಕ್ಕ ಕೇಳಿದರು. ರೂಪಾಯಿಯ ಸಮಸ್ಯೆ, ಪ್ರಾಂತೀಯ ಹಣಕಾಸಿನ ಬಗ್ಗೆ ಪುಸ್ತಕ ಬರೆದ ಮನುಷ್ಯ ಅವರು. ನಾವು ಅವರ ಕೈಯಲ್ಲಿ ಸಂವಿಧಾನದ ಪುಸ್ತಕ ಇಟ್ಟು ಪ್ರತಿಮೆ ನಿಲ್ಲಿಸ್ತೀವಿ, ಒಳ್ಳೇದು. ಇನ್ನೊಂದು ಕೈಯಲ್ಲಿ ಬಜೆಟ್ ಪುಸ್ತಕ ಇತ್ತು ಅನ್ನೋದು ನೆನಪಿರಲಿ.

ಅದೇ ಬಾಬಾಸಾಹೇಬರು, ತಾವೇ ನಾಮನಿರ್ದೇಶಿತರಾಗಿದ್ದೂ, 1928ರಲ್ಲಿ ಸೈಮನ್ ಆಯೋಗದ ಮುಂದೆ ನಾಮನಿರ್ದೇಶನ ಸಾಕು, ನಮ್ಮ ಪ್ರತಿನಿಧಿ ಚುನಾವಣೆಯಿಂದ ಬರಬೇಕು ಅಂದರು. ಯಾಕೆ? ಕೂರಿಸಿದವನು ಎಬ್ಬಿಸಬಲ್ಲ. ನೇಮಕವಾದವನ ಕಣ್ಣು ಸದಾ ನೇಮಿಸಿದವನ ಮುಖದ ಮೇಲೆ. ಅಂಥವನು ಲೆಕ್ಕ ಕೇಳೋದು ಹೇಗೆ?

ಮಹಾಡ್ ಅನ್ನೂ ನಾವು ಅರ್ಧ ಮಾತ್ರ ಹೇಳ್ತೀವಿ. ಚೌದಾರ್ ಕೆರೆ ಇದ್ದದ್ದು ಮಹಾಡ್ ಪುರಸಭೆಯ ಕೈಲಿ. ಸಾರ್ವಜನಿಕ ಹಣದಿಂದ ನಡೆಯುವ ಕೆರೆ, ಬಾವಿ, ಧರ್ಮಶಾಲೆ ಎಲ್ಲರಿಗೂ ತೆರೆದಿರಬೇಕು ಅಂತ 1923ರಲ್ಲಿ ಮುಂಬಯಿ ಪರಿಷತ್ತು ಬೋಳೆ ಅವರ ಠರಾವು ಒಪ್ಪಿತು. 1924ರಲ್ಲಿ ಮಹಾಡ್ ಪುರಸಭೆಯೂ ಠರಾವು ಮಾಡಿತು. ಮೂರು ವರ್ಷ ಅದು ಫೈಲಿನಲ್ಲೇ ಮಲಗಿತ್ತು. 1927ರ ಮಾರ್ಚ್ 20ರಂದು ಜನ ನಡೆದು ಹೋಗಿ ನೀರು ಮುಟ್ಟಿದ ಮೇಲೆ ಏನಾಯ್ತು? ಆಗಸ್ಟ್‌ನಲ್ಲಿ ಅದೇ ಪುರಸಭೆ ತನ್ನ ಠರಾವನ್ನು ವಾಪಸ್ ತಗೊಂಡಿತು! ಕೋರ್ಟಿನಲ್ಲಿ ಗೆಲ್ಲೋಕೆ 1937 ಬರಬೇಕಾಯ್ತು. ನಮ್ಮ ಹೋರಾಟದ ಮೊದಲ ದೊಡ್ಡ ಜಗಳ ನಡೆದದ್ದೇ ಒಂದು ಪುರಸಭೆಯ ಜೊತೆ, ಸಾರ್ವಜನಿಕ ದುಡ್ಡಿನ ಒಂದು ಕೆರೆಗಾಗಿ.

ಸ್ವಾತಂತ್ರ್ಯ ಬಂತು. 1949ರ ಮೇ 30ರಂದು ಸಂವಿಧಾನ ಸಭೆಯಲ್ಲಿ ಮಹಾಲೆಕ್ಕಪರಿಶೋಧಕರ ಹುದ್ದೆಯ ಚರ್ಚೆ ನಡೆದಾಗ ಬಾಬಾಸಾಹೇಬರು, ಈ ಸಂವಿಧಾನದಲ್ಲಿ ಬಹುಶಃ ಇವರೇ ಎಲ್ಲರಿಗಿಂತ ಮುಖ್ಯ ಅಧಿಕಾರಿ, ಇವರ ಕರ್ತವ್ಯ ನ್ಯಾಯಾಂಗದ ಕರ್ತವ್ಯಕ್ಕಿಂತಲೂ ದೊಡ್ಡದು ಎಂಬರ್ಥದ ಮಾತು ಹೇಳಿದರು. ಯೋಚನೆ ಮಾಡಿ. ಹಕ್ಕು ಬರೆದುಕೊಟ್ಟ ಮನುಷ್ಯ, ಲೆಕ್ಕ ನೋಡುವವನು ಇಲ್ಲದಿದ್ದರೆ ಹಕ್ಕು ಉಳಿಯಲ್ಲ ಅಂತ ಅಂದೇ ತಿಳಿದಿದ್ದರು.

ಕೊಡಗು 1952ರಿಂದ 1956ರವರೆಗೆ ಸ್ವಂತ ವಿಧಾನಸಭೆ ಇದ್ದ 'ಸಿ' ದರ್ಜೆ ರಾಜ್ಯ. 24 ಶಾಸಕರು, ಇಬ್ಬರೇ ಮಂತ್ರಿಗಳು. ಮುಖ್ಯಮಂತ್ರಿ ಸಿ.ಎಂ. ಪೂಣಚ್ಚ, ಜೊತೆಗೆ ಕೆ. ಮಲ್ಲಪ್ಪ. ಆ ಇಬ್ಬರಲ್ಲಿ ದಲಿತರು, ಆದಿವಾಸಿಗಳು ಇರಲಿಲ್ಲ. ಸಣ್ಣ ರಾಜ್ಯ, ಸಣ್ಣ ಸಂಪುಟ ಅನ್ನಬಹುದು. ನಮಗೆ ಮಾತ್ರ ಯಾವಾಗಲೂ ಸ್ಥಳ ಸಣ್ಣದೇ ಆಗಿರುತ್ತೆ ನೋಡಿ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿದೆವು. ಮುಂದೆ 1978ರಿಂದ ವಿರಾಜಪೇಟೆ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿತ್ತು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಕೊಡಗಿನ ಮೂರು ಕ್ಷೇತ್ರ ಎರಡಾಯ್ತು, ಎರಡೂ ಸಾಮಾನ್ಯ. 2011ರ ಜನಗಣತಿ ಪ್ರಕಾರ ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿ ಸುಮಾರು 13%, ಪರಿಶಿಷ್ಟ ಪಂಗಡ 10%ಕ್ಕೂ ಹೆಚ್ಚು. ಹೆಚ್ಚುಕಮ್ಮಿ ನಾಲ್ವರಲ್ಲಿ ಒಬ್ಬರು ನಾವು. ಮೀಸಲು ವಿಧಾನಸಭಾ ಕ್ಷೇತ್ರ ಒಂದೂ ಇಲ್ಲ. ಇಂಥ ಜಿಲ್ಲೆಯಲ್ಲಿ ನಗರಸಭೆ, ಪುರಸಭೆಯ ಕುರ್ಚಿಗೆ ಬೆಲೆ ಇನ್ನೂ ಜಾಸ್ತಿ. ಅದಕ್ಕೇ ಆ ಕುರ್ಚಿ ಖಾಲಿ ಪೆಟ್ಟಿಗೆ ಆಗಬಾರದು ಅಂತ ನನ್ನ ಹಟ.

ಈಗ ನಮ್ಮ ರಾಜ್ಯದ ಒಂದು ದೊಡ್ಡ ಉದಾಹರಣೆಗೆ ಬರ್ತೀನಿ. ನೇಮಕ ಅಂದ್ರೆ ಏನಾಗಬಲ್ಲದು ಅಂತ ತೋರಿಸಿದವರು ಬಿ. ಬಸವಲಿಂಗಪ್ಪನವರು. ದೇವರಾಜ ಅರಸು 1972ರಲ್ಲಿ ಮುಖ್ಯಮಂತ್ರಿಯಾದಾಗ ಬಸವಲಿಂಗಪ್ಪನವರಿಗೆ ಪೌರಾಡಳಿತ ಖಾತೆ ಕೊಟ್ಟರು. ಅಂದ್ರೆ ರಾಜ್ಯದ ಎಲ್ಲ ಪುರಸಭೆಗಳ ಕಡತ, ದುಡ್ಡು, ಆದೇಶ ಒಬ್ಬ ದಲಿತನ ಮೇಜಿಗೆ ಬಂತು. ಆ ಕಾಲದಲ್ಲಿ ಊರಿನ ಮಲವನ್ನು ಬಕೆಟ್‌ನಲ್ಲಿ ತುಂಬಿ ತಲೆ ಮೇಲೆ ಹೊರುತ್ತಿದ್ದವರು ಯಾರು ಅಂತ ನಿಮಗೆ ಹೇಳಬೇಕಾಗಿಲ್ಲ. ಎಷ್ಟೋ ಮಂತ್ರಿಗಳು ಬಂದು ಹೋಗಿದ್ದರು. ಯಾರ ಕಣ್ಣಿಗೂ ಅದು ಖರ್ಚು ಮಾಡಬೇಕಾದ ವಿಷಯ ಅಂತ ಕಂಡಿರಲಿಲ್ಲ. ತಲೆ ಮೇಲೆ ಮಲ ಹೊರೋದು ನಿಲ್ಲಬೇಕು ಅಂತ ಬಸವಲಿಂಗಪ್ಪನವರು ಆದೇಶ ಮಾಡಿದರು. ದೇಶದಲ್ಲಿ ಕೇಂದ್ರ ಕಾನೂನು ಬಂದದ್ದು 1993ರಲ್ಲಿ. ಕರ್ನಾಟಕ ಸುಮಾರು ಇಪ್ಪತ್ತು ವರ್ಷ ಮುಂದಿತ್ತು, ಒಬ್ಬ ಮನುಷ್ಯ ಆ ಮೇಜಿನ ಹಿಂದೆ ಕೂತಿದ್ದರಿಂದ.

ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ ಊರೂರು ತಿರುಗಿ ಪೌರಕಾರ್ಮಿಕರ ಬದುಕನ್ನು ಅಂಕಿಯಲ್ಲಿ ಇಳಿಸಿತು. 1976ರ ಆ ವರದಿ 500 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಬೇಕು ಅಂದಿತು. ಇದು ಕರುಣೆಯ ಮಾತಲ್ಲ, ಬಜೆಟ್‌ನ ಮಾತು. ಇಷ್ಟು ಊರು, ಇಷ್ಟು ಜನ, ಇಷ್ಟು ಹುದ್ದೆ, ಇಷ್ಟು ಸಂಬಳ. ಸರ್ಕಾರ ಆಮೇಲೆ ಅದನ್ನು 700ಕ್ಕೆ ಒಬ್ಬರು ಅಂತ ಮಾಡಿಕೊಂಡಿತು. 500ಕ್ಕೂ 700ಕ್ಕೂ ನಡುವಿನ ಆ 200 ಜನರ ಕಸ ಯಾರ ಬೆನ್ನ ಮೇಲೆ ಬಿತ್ತು? ಇದ್ದವರ ಬೆನ್ನ ಮೇಲೇ. ಅದಕ್ಕೆ ಗುತ್ತಿಗೆ ಪದ್ಧತಿ ಸೇರಿಕೊಂಡಿತು. 2022ರ ಜುಲೈನಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಬೀದಿಗೆ ಬಂದ ಮೇಲೆಯೇ 11,133 ಜನರನ್ನು ಕಾಯಂ ಮಾಡೋಕೆ ಸರ್ಕಾರ ಒಪ್ಪಿದ್ದು.

ಬಸವಲಿಂಗಪ್ಪನವರ ಕಥೆ ಏನಾಯ್ತು? 1973ರ ನವೆಂಬರ್ 19ರಂದು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಗ್ಗೆ 'ಬೂಸಾ' ಅಂದರು. ರಾಜ್ಯ ಹೊತ್ತಿ ಉರಿಯಿತು. ಹಾಸ್ಟೆಲ್‌ಗಳಲ್ಲಿ ನಮ್ಮ ಹುಡುಗರು ಏಟು ತಿಂದರು. ಡಿಸೆಂಬರ್‌ನಲ್ಲಿ ಅವರು ಮಂತ್ರಿಗಿರಿ ಬಿಟ್ಟರು. ಆ ಬೆಂಕಿಯಲ್ಲೇ ಹುಟ್ಟಿದ ಎಚ್ಚರ ಮುಂದೆ ಪ್ರೊ. ಬಿ. ಕೃಷ್ಣಪ್ಪನವರ ನಾಯಕತ್ವದಲ್ಲಿ ದಲಿತ ಸಂಘರ್ಷ ಸಮಿತಿ ಆಯ್ತು, ಇದು ನಿಮಗೆಲ್ಲ ಗೊತ್ತು. ನಾನು ಹೇಳೋದು ಇನ್ನೊಂದು ವಿಷಯ. ಕುರ್ಚಿ ಹೋಗೋಕೆ ಒಂದು ತಿಂಗಳು ಸಾಕಾಯ್ತು. ಉಳಿದದ್ದು ಆದೇಶ. ಆ ಆದೇಶ ಪಾಲನೆ ಆಗುತ್ತಿದೆಯಾ ಅಂತ ಪ್ರತಿ ಊರಲ್ಲಿ ಪುಸ್ತಕ ಬಿಚ್ಚಿ ನೋಡುವವರು ಇರಲಿಲ್ಲ. ಅದರ ಫಲ 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಕಾಣಿಸಿತು. ಇರುವ ಜಾಗದಿಂದ ಎಬ್ಬಿಸೋಕೆ ಹೊರಟ ಪುರಸಭೆಯ ಮುಂದೆ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ನಿಂತರು. ಬಸವಲಿಂಗಪ್ಪನವರ ಕಾಲದಿಂದ ಮೂವತ್ತಾರು, ಮೂವತ್ತೇಳು ವರ್ಷ ಆಗಿತ್ತು.

ಈಗ ನಮ್ಮ ಕಾಲದ ನಿಯಮ ನೋಡೋಣ. ಬೇಜಾರು ಮಾಡ್ಕೋಬೇಡಿ, ಇದನ್ನು ತಿಳಿದುಕೊಳ್ಳದೆ ಆಗಲ್ಲ.

74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂತು. 243ಟಿ ವಿಧಿ ನಗರ ಸಂಸ್ಥೆಗಳಲ್ಲಿ ನಮಗೆ ಮೀಸಲಾತಿ ಕೊಟ್ಟಿತು, ಆದರೆ ನೇರ ಚುನಾವಣೆಯಿಂದ ತುಂಬುವ ಸ್ಥಾನಗಳಿಗೆ. ನಾಮನಿರ್ದೇಶನ ಬೇರೆಯೇ ಜಾತಿ. 243ಆರ್ ವಿಧಿ ಪ್ರಕಾರ ವಿಶೇಷ ಜ್ಞಾನ, ಅನುಭವ ಇದ್ದವರು ಅಂತ ಹಾಗೆ ನೇಮಕವಾಗುವವರಿಗೆ ಸಭೆಯಲ್ಲಿ ಮತ ಇಲ್ಲ. ನಮ್ಮ 1964ರ ಪುರಸಭೆಗಳ ಕಾಯ್ದೆಯಲ್ಲಿ ಸರ್ಕಾರ ಐದು ಜನರವರೆಗೆ ನೇಮಿಸಬಹುದು. ಮಾತಾಡಬಹುದು, ಕೈ ಎತ್ತುವಂತಿಲ್ಲ. 'ಪ್ರಾತಿನಿಧ್ಯ ಕೊಟ್ಟಿದ್ದೇವೆ' ಅಂದವರು ಈ ಸಾಲನ್ನು ಫ್ಲೆಕ್ಸ್‌ನಲ್ಲಿ ಹಾಕಲ್ಲ.

ಚುನಾಯಿತರ ಗತಿ ಏನು ಅಂತೀರಾ? 2018ರಲ್ಲಿ ರಾಜ್ಯದ ನಗರ ಸಂಸ್ಥೆಗಳಿಗೆ ಗೆದ್ದವರು, ಅಧ್ಯಕ್ಷ-ಉಪಾಧ್ಯಕ್ಷ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಗಿದ್ದರಿಂದ 2020ರ ಕೊನೆವರೆಗೂ ಅಧಿಕಾರ ಇಲ್ಲದೆ ಕೂತರು. ಎರಡನೇ ಅವಧಿಗೆ ಮತ್ತೆ ಅದೇ ಹಾಡು, ಪಟ್ಟಿ ಬಂದಿದ್ದು 2024ರ ಆಗಸ್ಟ್‌ನಲ್ಲಿ. ಬೆಂಗಳೂರಿನಲ್ಲಂತೂ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಯೇ ದೊರೆ. ಮೀಸಲಾತಿಯ ಹೆಸರಲ್ಲಿ ವಿಳಂಬ, ವಿಳಂಬದ ಹೆಸರಲ್ಲಿ ಅಧಿಕಾರಿಗಳ ಆಡಳಿತ. ಆ ಅವಧಿಯಲ್ಲೂ ಬಿಲ್ ಪಾಸಾಗೋದು ನಿಲ್ಲಲ್ಲ. ಟೆಂಡರ್ ನಡೆಯುತ್ತೆ. ಕೇಳೋ ಸದಸ್ಯನಿಗೆ ಮಾತ್ರ ಸಭೆಯೇ ಇರಲ್ಲ.

ದುಡ್ಡಿನ ವಿಷಯ. ಪ್ರತಿ ನಗರ ಸಂಸ್ಥೆ ತನ್ನ ಸ್ವಂತ ಆದಾಯದಲ್ಲಿ, ರಾಜ್ಯ ಹಣಕಾಸು ಆಯೋಗದ ಅನುದಾನದಲ್ಲಿ 24.10% ಪರಿಶಿಷ್ಟರಿಗೆ ಎತ್ತಿಡಬೇಕು. ಮೊದಲು 18% ಇತ್ತು, ಆಮೇಲೆ 22.75%, ಈಗ 24.10%. ರಾಜ್ಯ ಮಟ್ಟದಲ್ಲಿ 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಇದೆ. ಹೋರಾಟದಿಂದ ಬಂದ ಒಳ್ಳೆಯ ಕಾಯ್ದೆ. ಅದರೊಳಗೆ 7(ಡಿ) ಅಂತ ಒಂದು ಕಿಂಡಿ ಇಟ್ಟಿದ್ದರು. ಎಲ್ಲರಿಗೂ ಅಂತ ಮಾಡುವ ಸಾಮಾನ್ಯ ಕಾಮಗಾರಿಯಲ್ಲಿ ಒಂದು ಪಾಲು ದಲಿತರಿಗೂ ಸಿಕ್ಕಿತು ಅಂತ 'ಭಾವಿಸಿ' ನಮ್ಮ ಲೆಕ್ಕಕ್ಕೆ ಬರೆಯೋದು. ಭಾವಿಸೋದು! ಹಸಿದವನಿಗೆ ಉಂಡೆ ಅಂತ ಭಾವಿಸ್ಕೋ ಅಂದ ಹಾಗೆ. ಹತ್ತು ವರ್ಷ ಹೋರಾಡಿ 2023ರಲ್ಲಿ ಆ ಕಲಂ ತೆಗೆಸಿದೆವು. ಅದೇ ವರ್ಷ ಗ್ಯಾರಂಟಿ ಯೋಜನೆಗಳಿಗೆ ಇದೇ ನಿಧಿಯಿಂದ 11,144 ಕೋಟಿ, ಮರುವರ್ಷ 14,282 ಕೋಟಿ ರೂಪಾಯಿ ಲೆಕ್ಕಕ್ಕೆ ಹೋಯಿತು. ಫಲಾನುಭವಿಗಳಲ್ಲಿ ಪರಿಶಿಷ್ಟರೂ ಇದ್ದಾರಲ್ಲ, ಅವರ ಪಾಲಿಗೆ ಖರ್ಚಾಗಿದೆ ಅನ್ನೋದು ಸರ್ಕಾರದ ಉತ್ತರ. ನನ್ನ ಪ್ರಶ್ನೆ ಇಷ್ಟೇ: ಎಲ್ಲರಿಗೂ ಕೊಡೋದನ್ನು ನಮಗೆ ನಮ್ಮ ಗಂಟಿನಿಂದಲೇ ಯಾಕೆ ಕೊಡ್ತೀರಿ?

ಇದೇ ಚಮತ್ಕಾರ ಪಟ್ಟಣದ ಮಟ್ಟದಲ್ಲಿ ಹೇಗಾಗುತ್ತೆ ಅಂತ ನಾನೇ ನೋಡಿದ್ದು ಹೇಳ್ತೀನಿ. ಊರಿನ ಹೆಸರು ಬೇಡ. ಒಂದು ಸ್ಥಳೀಯ ಸಂಸ್ಥೆಯಲ್ಲಿ ಮಾಹಿತಿ ಹಕ್ಕಿನಡಿ 24.10%ರ ಮೂರು ವರ್ಷದ ಕ್ರಿಯಾ ಯೋಜನೆ, ಅಳತೆ ಪುಸ್ತಕ ನೋಡೋಕೆ ಕೂತೆ. 'ಪ.ಜಾ. ಕಾಲೋನಿ ಸಂಪರ್ಕ ರಸ್ತೆಗೆ ಕಾಂಕ್ರೀಟ್' ಅಂತ ಒಂದು ಕಾಮಗಾರಿ. ಸ್ಥಳಕ್ಕೆ ಹೋದರೆ ರಸ್ತೆ ಚೆನ್ನಾಗಿದೆ, ಸುಳ್ಳಲ್ಲ. ಅದು ಹೊಸ ಹೋಂ ಸ್ಟೇಗಳ ಸಾಲಿಗೆ ಹೋಗಿ ನಿಲ್ಲುತ್ತೆ. ಅಲ್ಲಿಂದ ಕಾಲೋನಿಗೆ ಇಳಿಯೋದು ಇವತ್ತಿಗೂ ಮಣ್ಣಿನ ದಾರಿ, ಮಳೆಗಾಲದಲ್ಲಿ ಹೆಂಗಸರು ಚಪ್ಪಲಿ ಕೈಲಿ ಹಿಡ್ಕೊಂಡು ಹತ್ತುತ್ತಾರೆ. ಅಲ್ಲಿ ನಮ್ಮದೇ ಸಮುದಾಯದ ನಾಮನಿರ್ದೇಶಿತ ಸದಸ್ಯರೊಬ್ಬರಿದ್ದರು. ಒಳ್ಳೆ ಮನುಷ್ಯ. 'ಅಣ್ಣಾ, ನನಗೆ ಅಜೆಂಡಾ ಸಿಗೋದೇ ಸಭೆ ದಿನ ಬೆಳಿಗ್ಗೆ. ಈ ಪುಸ್ತಕ ಇದೆ ಅಂತಾನೇ ನನಗೆ ಯಾರೂ ಹೇಳಿಲ್ಲ' ಅಂದರು. ಅವರನ್ನು ಬೈಯೋಕೆ ನನಗೆ ಮನಸ್ಸು ಬರಲಿಲ್ಲ. ಅವರಿಗೆ ಕುರ್ಚಿ ಕೊಟ್ಟವರು ಪುಸ್ತಕ ತೋರಿಸದೇ ಇರೋದು ಮರೆವಿನಿಂದ ಅಂತ ನಾನು ನಂಬಲ್ಲ.

ವೈವಿಧ್ಯ ಅನ್ನೋ ಪದ ಈಗ ಎಲ್ಲರ ಬಾಯಲ್ಲೂ ಇದೆ. ಸಭೆಯ ಫೋಟೋದಲ್ಲಿ ಎಲ್ಲ ಜಾತಿ ಇರಬೇಕು, ಹೆಣ್ಣುಮಕ್ಕಳು ಇರಬೇಕು. ಖಂಡಿತ ಇರಬೇಕು. ಆದರೆ ಯರವ, ಜೇನುಕುರುಬ ತಾಯಂದಿರ ಹೆಸರಲ್ಲಿ ಬಂದ ಅನುದಾನದ ಕಡತವನ್ನು ಯರವ, ಜೇನುಕುರುಬ ಹುಡುಗಿ ಓದುವ ದಿನ ಬಂದಾಗ ಅದು ವೈವಿಧ್ಯ. ದಲಿತ ಮಹಿಳೆ ಅಧ್ಯಕ್ಷೆಯಾಗಿ, ಚೆಕ್ಕಿಗೆ ಸಹಿ ಹಾಕುವ ಮುಂಚೆ 'ಈ ಬಿಲ್ ಯಾವ ಕೆಲಸದ್ದು, ಜಾಗ ತೋರಿಸಿ' ಅಂದಾಗ ಅದು ಪ್ರಾತಿನಿಧ್ಯ.

ಹಾಗಾದ್ರೆ ನಾವು ಏನು ಮಾಡಬೇಕು? ನಾಲ್ಕು ಕೆಲಸ.

ಒಂದು. ಯಾವುದೇ ನೇಮಕಕ್ಕೆ ನಮ್ಮ ಸಂಘಟನೆಯಿಂದ ಶಿಫಾರಸು ಪತ್ರ ಕೊಡುವಾಗ ಆ ವ್ಯಕ್ತಿಯಿಂದ ಮಾತು ತಗೊಳ್ಳಿ: ಪ್ರತಿ ಸಭೆಯ ಅಜೆಂಡಾ, ನಡಾವಳಿ, 24.10%ರ ಖರ್ಚಿನ ಪಟ್ಟಿ ಕಾಲೋನಿಗೆ ತಂದು ಓದಿ ಹೇಳಬೇಕು. ಮತ ಇಲ್ಲದಿದ್ದರೂ ಬಾಯಿ ಇದೆ. ಆಕ್ಷೇಪ ಎತ್ತಿ, ಅದನ್ನು ನಡಾವಳಿಯಲ್ಲಿ ಬರೆಸಬೇಕು.

ಎರಡು. ಬಜೆಟ್ ಪೂರ್ವಭಾವಿ ಸಭೆಗೆ ಹೋಗಿ. ಪ್ರತಿ ವರ್ಷ ಕರೀತಾರೆ, ವರ್ತಕರು, ಲಾಡ್ಜ್ ಮಾಲೀಕರು ಹೋಗ್ತಾರೆ, ನಾವು ಹೋಗಲ್ಲ. ಕಾಲೋನಿಯ ಬೇಡಿಕೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ತಗೊಳ್ಳಿ.

ಮೂರು. ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಕಲಂ ಪ್ರಕಾರ ಕಡತ ನೋಡಬಹುದು, ಕಾಮಗಾರಿ ಸ್ಥಳ ಪರಿಶೀಲಿಸಬಹುದು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿಯನ್ನೂ ಪಡೆಯಬಹುದು. ಬರೀ ಜೆರಾಕ್ಸ್ ಕೇಳಬೇಡಿ. ಕ್ರಿಯಾ ಯೋಜನೆ, ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್, ಈ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಓದಿ. ಸುಳ್ಳು ಇದ್ದರೆ ಈ ನಾಲ್ಕರ ಸಂದಿಯಲ್ಲೇ ಇರುತ್ತೆ.

ನಾಲ್ಕು. ಲೆಕ್ಕಪರಿಶೋಧನಾ ವರದಿ ಕೇಳಿ. ಅದರಲ್ಲಿ ಆಡಿಟ್‌ನವರು ಬರೆದ ಆಕ್ಷೇಪಣೆಗಳಿಗೆ ಸಂಸ್ಥೆ ಏನು ಉತ್ತರ ಕೊಟ್ಟಿದೆ, ಎಷ್ಟು ಆಕ್ಷೇಪಣೆ ಹಾಗೇ ಬಾಕಿ ಇವೆ ಅಂತ ನೋಡಿ. ಜಿಲ್ಲಾ ಮಟ್ಟದ ಹಿತರಕ್ಷಣಾ ಸಮಿತಿ ಸಭೆಯಲ್ಲಿ ಅದನ್ನೇ ಮೇಜಿನ ಮೇಲೆ ಇಡಿ.

ನಮ್ಮ ಓದಿದ ಮಕ್ಕಳಿಗೆ ಒಂದು ಮಾತು. ಬಿ.ಕಾಂ. ಮಾಡಿದವರು, ಡಿಪ್ಲೊಮಾ ಸಿವಿಲ್ ಮಾಡಿದವರು ಈಗ ಪ್ರತಿ ಕಾಲೋನಿಯಲ್ಲೂ ಇದ್ದೀರಿ. ಭಾಷಣ ಮಾಡೋಕೆ ನಾವಿದ್ದೀವಿ. ನಮಗೆ ಬೇಕಾಗಿರೋದು ಅಳತೆ ಪುಸ್ತಕ ಓದಬಲ್ಲ ನೀವು. ತಿಂಗಳಿಗೆ ಒಂದು ಭಾನುವಾರ ಕೊಡಿ. ಮಡಿಕೇರಿಯಲ್ಲಿ ಒಂದು ತಂಡ, ಕುಶಾಲನಗರ, ಸೋಮವಾರಪೇಟೆ, ವಿರಾಜಪೇಟೆಯಲ್ಲಿ ಒಂದೊಂದು. ನಾಲ್ಕು ಊರಿನ ಮೂರು ವರ್ಷದ 24.10%ರ ಲೆಕ್ಕವನ್ನು ಕಾಲೋನಿಯ ಗೋಡೆ ಮೇಲೆ ಬರೆಯೋಣ, ಎಲ್ಲರೂ ಓದುವ ಹಾಗೆ ಕನ್ನಡದಲ್ಲಿ.

ಒಂದು ಕಾಲದಲ್ಲಿ ಈ ಜಿಲ್ಲೆಯ ಲೆಕ್ಕದಲ್ಲಿ ನಮ್ಮ ಹಿರಿಯರನ್ನು ಗದ್ದೆಯ ಜೊತೆ ಸೇರಿಸಿ ಬರೆದರು. ಇನ್ನು ಮುಂದೆ ಲೆಕ್ಕ ಬರೆಯುವವರು, ನಾವು ಬಂದು ಓದ್ತೀವಿ ಅಂತ ತಿಳಿದು ಬರೆಯಲಿ.

ತಂಡಕ್ಕೆ ಸೇರೋರು ಕಮೆಂಟ್‌ನಲ್ಲಿ ನಿಮ್ಮ ಊರಿನ ಹೆಸರು ಹಾಕಿ. ಪೋಸ್ಟ್ ಶೇರ್ ಮಾಡಿ, ಗ್ರೂಪುಗಳಿಗೂ ಕಳಿಸಿ.

ಜೈ ಭೀಮ್.